ಜಾಡಿಯೊಳಗಿನ ಹಾಸು

ಬೆಕ್ಕು ಸಾಕುವವರುಂಟು, ಗಿಳಿ ಸಾಕುವವರುಂಟು. ಅಂಗೈಯಗಲದ ಕೂದಲು ಜೇಡವನ್ನು ಗಾಜಿನ ಜಾಡಿಯಲ್ಲಿಟ್ಟು, ಜಿರಲೆ ಹಿಡಿದು ಹಾಕಿ ಸಾಕಿದ ಪುಣ್ಯಾತ್ಮ ಬಿಳಿಗೆರೆಯಲ್ಲಿ ತೋಂಟದಾರ್ಯನೊಬ್ಬನೇ. ಗಾಳಿಗೆ ಬಿದ್ದ ಹಳೇ ತೆಂಗಿನಮರದ ಪೊಟರೆಯಲ್ಲಿ ಸಿಕ್ಕಿತ್ತು ಅದು. ಅಂಗಡಿಯಿಂದ ಪೆಪ್ಪರ್‌ಮೆಂಟಿನ ಖಾಲಿ ಜಾಡಿ ತಂದು, ಮಣ್ಣು ತುಂಬಿ, ನಾರು ಹರಡಿ, ಒಂದು ತೆಂಗಿನ ಚಿಪ್ಪು ಬೋರಲು ಹಾಕಿ, ಬಾಯಿಗೆ ತೆಳು ಬಟ್ಟೆ ಕಟ್ಟಿ ಕಿಟಕಿಯಲ್ಲಿಟ್ಟಿದ್ದ. ಹೆಂಡತಿ ವಿಮಲಮ್ಮನಿಗೆ ಮೊದಮೊದಲು ಅದನ್ನು ಕಂಡರೆ ಮೈ ಜುಮ್ಮೆನ್ನುತ್ತಿತ್ತು.

"ಅದಕ್ಕೆ ಕಣ್ಣು ಅಷ್ಟಕ್ಕಷ್ಟೇ ಕಣೇ," ಎನ್ನುತ್ತ ಅವನು ಚಿಪ್ಪಿನಿಂದ ಆಚೆಗೆ ಹರಡಿದ್ದ ನೂಲಿನ ಎಳೆಯನ್ನು ಪೊರಕೆಕಡ್ಡಿಯಿಂದ ಮುಟ್ಟುತ್ತಿದ್ದ. ಒಳಗಿದ್ದದ್ದು ಛಂಗನೆ ಹೊರಬರುತ್ತಿತ್ತು. "ನೋಡ್ದಾ? ನೂಲಿನ ಮೇಲೆ ಕಾಲಿಟ್ಕೊಂಡು ಕೂತಿರ್ತದೆ, ಏನು ಅಲ್ಲಾಡಿದ್ರೂ ಗೊತ್ತಾಗ್ತದೆ. ಬೇರೆ ಜೇಡದಂಗೆ ಮೂಲೇಲಿ ಬಲೆ ಕಟ್ಟೋ ಜಾತಿ ಅಲ್ಲ ಇದು. ಎಲ್ಲಿ ನೇಯ್ತದೆ, ಹೆಂಗೆ ನೇಯ್ತದೆ ಅಂತ ನೋಡ್ತಾ ಇರು, ಅದ್ರ ಮನಸ್ಸು ತಿಳೀತದೆ."

ಆ ಮನುಷ್ಯ ಈಗಿಲ್ಲ. ತುರ್ತು ಪರಿಸ್ಥಿತಿ ಮುಗಿದ ವರ್ಷದ ಬೇಸಿಗೆಯಲ್ಲಿ, ತೋಟದಲ್ಲಿ ಕಾಯಿ ಸುಲಿದ ಮಟ್ಟೆಯ ರಾಶಿಗೆ ಕೈ ಹಾಕಿದಾಗ ಹಾವು ಕಚ್ಚಿತು. ರೆಪ್ಪೆ ಜೋತುಬಿತ್ತು, ನಾಲಿಗೆ ತೊದಲಿತು, ಆಮೇಲೆ ಮಾತೇ ನಿಂತಿತು. ಊರ ಹಿರಿಯರು ಮೂಗಿನ ಹತ್ತಿರ ಹತ್ತಿ ಹಿಡಿದು ನೋಡಿ ತಲೆಯಾಡಿಸಿದರು. "ನನ್ ಮಗನ ಮೈ ಊದ್ಕೊಳ್ಳೋದನ್ನ ನಾ ನೋಡ್ಲಾರೆ. ಹೊತ್ತು ಮುಳುಗೋದ್ರೊಳಗೆ ಮಣ್ಣು ಮಾಡ್ಬುಡಿ," ಎಂದವಳು ಅವನ ತಾಯಿ ಚನ್ನಬಸಮ್ಮನೇ.

ಗಂಡನ ಕೈ ಹಿಡಿದು ಕೂತಿದ್ದ ವಿಮಲಮ್ಮ, "ಕೈ ಇನ್ನೂ ಬೆಚ್ಚಗೈತೆ ಕಣ್ರೀ, ಒಂದಿಷ್ಟು ತಡೀರಿ," ಎಂದು ಗೋಗರೆದಳು. ಸಂಕಟದಲ್ಲಿ ಹೆಂಗಸು ಏನೋ ಅನ್ನುತ್ತಾಳೆಂದು ಯಾರೂ ಕಿವಿಗೊಡಲಿಲ್ಲ. ತೋಟದ ಮೂಲೆಯಲ್ಲಿ ಗುಣಿ ತೋಡಿ, ಅದರ ಪಕ್ಕಕ್ಕೆ ಗೂಡು ಕೊರೆದು, ಮನೆತನದ ಹಿರಿಯರನ್ನೆಲ್ಲ ಕೂರಿಸಿದ ಹಾಗೆ ಅವನನ್ನೂ ಪದ್ಮಾಸನ ಹಾಕಿಸಿ ಕೂರಿಸಿದರು. ಕಾಲು ಸಲೀಸಾಗಿ ಮಡಚಿಕೊಂಡಿತು. "ಶರಣ, ತಾನಾಗೇ ಕೂತ," ಎಂದು ಹೊಗಳಿದ ಬುದ್ಧಿವಂತರೂ ಇದ್ದರು. ಆ ಮಾತು ವಿಮಲಮ್ಮನ ಎದೆಯಲ್ಲಿ ಮುಳ್ಳಾಗಿ ಕೂತುಬಿಟ್ಟಿತು. ಜೀವ ಹೋದ ಮೇಲೆ ಮಣ್ಣು ಹಾಕಿದರೋ, ಮಣ್ಣು ಹಾಕಿದ ಮೇಲೆ ಜೀವ ಹೋಯಿತೋ? ಅವಳಿಗೆ ತಿಳಿಯಬೇಕಾಗಿದ್ದದ್ದು ಅದೊಂದೇ. ಅದನ್ನು ಯಾರನ್ನು ಕೇಳುವುದು?

ಮೈದುನ ಮರುಳಸಿದ್ದಯ್ಯ ಎಷ್ಟು ಹೇಳಿದರೂ ಜಾಡಿಯನ್ನು ಎಸೆಯಲು ಅವಳು ಬಿಡಲಿಲ್ಲ. ಗಂಡ ಹಾಕುತ್ತಿದ್ದ ಹಾಗೆಯೇ ಜಿರಲೆ ಹಾಕಿದಳು, ಬಟ್ಟೆಯ ಮೇಲೆ ನೀರು ಚಿಮುಕಿಸಿದಳು. ಮುಂಗಾರು ಹಿಡಿಯುವ ಹೊತ್ತಿಗೆ ಅದು ಮೇವು ಬಿಟ್ಟಿತು. ಹಾಕಿದ ಜಿರಲೆಯನ್ನು ಕಾಲಿನಿಂದ ಆಚೆ ತಳ್ಳತೊಡಗಿತು. ಒಂದು ದಿನ ಚಿಪ್ಪಿನೊಳಗಿಂದ ಬಯಲಿಗೆ ಬಂದು, ಹಿಂಭಾಗವನ್ನು ಅತ್ತಿತ್ತ ಆಡಿಸುತ್ತ ನೇಯಲು ಕೂತಿತು. ಎಳೆಯ ಮೇಲೆ ಎಳೆ, ಪದರದ ಮೇಲೆ ಪದರ. ಸಂಜೆಯ ಹೊತ್ತಿಗೆ ಜಾಡಿಯ ತಳದ ತುಂಬ ಬೆಳ್ಳನೆಯ ಹಾಸು ಸಿದ್ಧವಾಗಿತ್ತು. ವಿಮಲಮ್ಮ ಒಲೆಯ ಮೇಲಿನ ಸಾರನ್ನೂ ಮರೆತು ನೋಡುತ್ತಿದ್ದಳು.

"ತನ್ನ ಹೆಣದ ಬಟ್ಟೆ ತಾನೇ ನೇಯ್ಕೊಂಡೈತೆ," ಎಂದ ಮರುಳಸಿದ್ದಯ್ಯ.

ಬೆಳಗಾದಾಗ ಅದು ಆ ಹಾಸಿನ ಮೇಲೆ ಅಂಗಾತ ಬಿದ್ದಿತ್ತು, ಕಾಲುಗಳೆಲ್ಲ ಮೇಲಕ್ಕೆ. ಮರುಳಸಿದ್ದಯ್ಯ ಜಾಡಿ ಎತ್ತಿಕೊಂಡ. "ಹೋಯ್ತು ಬುಡು ಅತ್ತಿಗೆ, ತಿಪ್ಪೆಗೆ ಹಾಕಿ ಬತ್ತೀನಿ."

ವಿಮಲಮ್ಮ ಕಿತ್ತುಕೊಂಡಳು. "ಈ ಮನೇಲಿ ಎಲ್ಲಾದಕ್ಕೂ ಅವಸರ. ಇದಕ್ಕಾದ್ರೂ ಒಸಿ ತಡೀರಿ!"

ಅವನ ಮುಖ ಕಪ್ಪಿಟ್ಟಿತು. ಬಾಗಿಲಲ್ಲಿ ನಿಂತಿದ್ದ ಚನ್ನಬಸಮ್ಮ ಕುಡುಗೋಲು ತೆಗೆದುಕೊಂಡಳು. "ಗರಿ ಆರಿಸ್ಕೊಂಡು ಬತ್ತೀನಿ," ಎಂದು ದಿನದ ಹಾಗೆ ತೋಟಕ್ಕೆ ಹೊರಟುಹೋದಳು.

ವಿಮಲಮ್ಮ ಜಾಡಿಯನ್ನು ಮಡಿಲಲ್ಲಿಟ್ಟುಕೊಂಡು ಕೂತಳು. ಮನೆ ಮೂಲೆಯಲ್ಲಿ ಸತ್ತ ಜೇಡಗಳನ್ನು ಎಷ್ಟೋ ಸಲ ಗುಡಿಸಿದ್ದಾಳೆ. ಅವೆಲ್ಲ ಮುಷ್ಟಿ ಕಟ್ಟಿದ ಹಾಗೆ ಕಾಲು ಒಳಕ್ಕೆಳೆದುಕೊಂಡು ಮುರುಟಿರುತ್ತವೆ. ಇದರ ಕಾಲುಗಳು ಹರಡಿಕೊಂಡಿವೆ. ಅದೂ ಅಲ್ಲದೆ, ಸಾಯುವ ಜೀವ ಇಷ್ಟು ಮುತುವರ್ಜಿಯಿಂದ ಹಾಸಿಕೊಂಡು ಮಲಗುತ್ತದೆಯೇ? ಬಾಣಂತಿಗೆ ಹಾಸುವ ಹಾಗಿದೆ ಇದು.

ಮಧ್ಯಾಹ್ನಕ್ಕೆ ಮೈಯ ಅಂಚು ಬಿರಿಯಿತು. ಬೆನ್ನಿನ ಚಿಪ್ಪು ಮುಚ್ಚಳದಂತೆ ಕಳಚಿಕೊಂಡಿತು. ಒಳಗಿಂದ ಬಿಳಿಚಿಕೊಂಡ ಇನ್ನೊಂದು ಮೈ, ಕೈಗವಸಿನಿಂದ ಬೆರಳು ಬಿಡಿಸಿಕೊಂಡ ಹಾಗೆ, ಒಂದೊಂದೇ ಕಾಲನ್ನು ಎಳೆದುಕೊಂಡಿತು. ಎಂಟು ಕಾಲು, ಕೂದಲು ಎಲ್ಲ ಇದ್ದ ಹಳೆಯ ಪೊರೆ ಪಕ್ಕದಲ್ಲಿ ಟೊಳ್ಳಾಗಿ ಬಿದ್ದಿತ್ತು. ಹೊಸದು ಹಾಸಿನ ಮೇಲೆ ನಿಧಾನ ಮಗುಚಿಕೊಂಡಿತು. ವಿಮಲಮ್ಮನಿಗೆ ನಗು ಉಕ್ಕಿ ಬಂತು. ಗಂಡ ಹೋದ ಮೇಲೆ ನಕ್ಕಿದ್ದು ಅದೇ ಮೊದಲು. ನೇಯ್ದದ್ದು ಹೆಣಕ್ಕಲ್ಲ, ಏಳುವುದಕ್ಕೆ!

ಮರುಕ್ಷಣ ನಗು ನಿಂತಿತು. ಇದನ್ನೂ ಸತ್ತಿದೆ ಅಂದರಲ್ಲ. ಒಂದು ಬೆಳಗು ತಡೆದದ್ದಕ್ಕೆ ತಾನೆ ಇದು ಉಳಿದದ್ದು? ಜಾಡಿಯನ್ನು ಕೆಳಗಿಟ್ಟು ಅವಳು ತೋಟಕ್ಕೆ ಓಡಿದಳು. ಅಲ್ಲಿ ಹೋಗಿ ಏನು ಮಾಡಬೇಕೆಂದು ಅವಳಿಗೂ ತಿಳಿದಿರಲಿಲ್ಲ.

ಸಮಾಧಿಯ ಮೇಲೆ ಯಾರೋ ಬಿದ್ದಿದ್ದರು. ಹತ್ತಿರ ಹೋದರೆ ಚನ್ನಬಸಮ್ಮ. ಕೆನ್ನೆಯನ್ನು ನೆಲಕ್ಕೊತ್ತಿ, ಕಿವಿಯನ್ನು ಮಣ್ಣಿಗಿಟ್ಟು ಮಲಗಿದ್ದಳು. ಕುಡುಗೋಲು ಬದುವಿನ ಮೇಲಿತ್ತು, ಒಂದು ಗರಿಯನ್ನೂ ಆರಿಸಿರಲಿಲ್ಲ. ಮಳೆಗೆ ಸುತ್ತೆಲ್ಲ ಹುಲ್ಲು ಚಿಗುರಿತ್ತು. ಅವಳು ಮಲಗಿದ್ದ ಜಾಗದಲ್ಲಿ ಮಾತ್ರ, ತಲೆ ಮತ್ತು ಹೆಗಲಿನಷ್ಟಗಲ, ನೆಲ ಸವೆದು ನುಣುಪಾಗಿತ್ತು.

"ಅತ್ತೆ..."

ಮುದುಕಿ ಸುಮ್ಮನಿರು ಎಂದು ಕೈ ಮಾಡಿದಳು. ಮಣ್ಣಿನಿಂದ ಕಿವಿ ಎತ್ತದೆಯೇ ಕೇಳಿದಳು, "ಎದ್ದೈತಾ ಅದು?"

"ಎದ್ದೈತೆ."

ಚನ್ನಬಸಮ್ಮ ಕಣ್ಣು ಮುಚ್ಚಿಕೊಂಡಳು. "ಮಣ್ಣು ಹಾಕಿದ ಮಾರನೇ ದಿನ ದೀಪ ಇಡೋಕ್ ಬಂದಿದ್ದೆ. ಒಳಗೆ ಏನೋ ಕೆರೆದಂಗಾಯ್ತು. ಪೀಡೆ ಅಂದ್ಕೊಂಡು ಹೆದ್ರಿ, ಓಡಿ ಬಂದು ಬಾಗ್ಲಾಕ್ಕೊಂಡ್ಬುಟ್ಟೆ. ಆವತ್ತಿಂದ ದಿನಾ ಬತ್ತೀನಿ ಕಣೇ. ಮತ್ತೆ ಕೇಳಿಸ್ಲೇ ಇಲ್ಲ."

ವಿಮಲಮ್ಮನಿಗೆ ಅಳು ಬರಲಿಲ್ಲ. ಅತ್ತೆಯ ಕೆನ್ನೆಗಂಟಿದ್ದ ಮಣ್ಣನ್ನು ಒರೆಸಲು ಕೈ ಚಾಚಿದವಳು, ಅರ್ಧಕ್ಕೇ ಹಿಂದಕ್ಕೆಳೆದುಕೊಂಡಳು.