ಒಡೆದ ಕಲ್ಲು ಕೂಡಿದಾಗ

ನುಡಿಯ ಗರ್ಭದಲ್ಲಿ ಅರ್ಥವಾಗಿ ನೆಲೆಸಿ, ಪಡೆದುದನ್ನು ಮರಳಿ ಸಲ್ಲಿಸುವ ಬುದ್ಧಿಯನ್ನೂ ಕರುಣಿಸುವ ವಾಗ್ದೇವಿಗೆ ಶರಣು.

ಆ ನಿಘಂಟು ಕಚೇರಿಯಲ್ಲಿ ಭಾವ, ಭಾವಮೈದುನ ಇಬ್ಬರೂ ಪಂಡಿತರು. ಅಕ್ಕ ಬಡಿಸಿದ ತಟ್ಟೆಯ ಮುಂದೆಯೂ ಪದ ಹಿಡಿದು ಜಗ್ಗಾಡುವವರು. ಈಚಿನ ಜಗ್ಗಾಟ ‘ಮುಯ್ಯಿ’ ಎಂಬ ಪದದ್ದು. ಉಪಕಾರಕ್ಕೆ ಪ್ರತ್ಯುಪಕಾರವೆಂಬ ಅರ್ಥವೂ ಅದಕ್ಕುಂಟು, ಸೇಡೆಂಬ ಅರ್ಥವೂ ಉಂಟು. ಹೆಚ್ಚು ಹಳೆಯ ಪ್ರಯೋಗ ಯಾವ ಅರ್ಥಕ್ಕೆ ಸಿಕ್ಕೀತೋ ನಿಘಂಟಿನಲ್ಲಿ ಅದೇ ಮೊದಲು ಎಂಬುದು ಕಚೇರಿಯ ಕಟ್ಟಳೆ. ಸಿಕ್ಕಿದ್ದರಲ್ಲೆಲ್ಲ ಹಳೆಯದಾದ ಒಂದು ಒಡೆದ ಶಾಸನದ ತುಂಡಿನಲ್ಲಿ ‘ಕೊಂದಂಗೆ ಮುಯ್ಯಿ’ ಎಂದು ಓದಿದ ಮೈದುನ, ಕೊಲೆಗಾರನಿಗೆ ತೀರಿಸಿದ ಸೇಡೆಂದು ಸಾಧಿಸಿದ್ದ. ತುಂಬಿದ ಸಭೆ ತಲೆದೂಗಿತ್ತು. ಪ್ರತ್ಯುಪಕಾರವೇ ಮೊದಲೆಂದಿದ್ದ ಭಾವನ ಮುಖ ಸಪ್ಪಗಾಗಿತ್ತು. ಆ ಪುಟ ಇಂದು ಅಚ್ಚಿಗೆ ಹೋಗಿತ್ತು.

ಅಂಥ ಹೊತ್ತಿನಲ್ಲೇ, ಅದೇ ಕಲ್ಲಿನ ಇನ್ನೊಂದು ತುಂಡಿನ ಪಡಿಯಚ್ಚು ಬಂತು. ಒದ್ದೆ ಕಾಗದವನ್ನು ಕುಂಚದಿಂದ ಕಲ್ಲಿಗೊತ್ತಿ ಅಕ್ಷರ ಎತ್ತಿದ ಹಾಳೆಯದು. ಮೈದುನ ಅದನ್ನು ತನ್ನ ಹಾಳೆಗೆ ಜೋಡಿಸಿದ. ಬಿರುಕಿಗೆ ಬಿರುಕು ಕೂಡಿತು, ಸಾಲು ಪೂರ್ತಿಯಾಯಿತು.

‘ಮಂದೆಗೆ ಬಿದ್ದ ತೋಳನಂ ಕೊಂದಂಗೆ ಮುಯ್ಯಿ.’

ತೋಳನನ್ನು ಕೊಂದು ಕುರಿಗಳನ್ನು ಉಳಿಸಿದ ವೀರನಿಗೆ ಊರು ಸಲ್ಲಿಸಿದ ಕೃತಜ್ಞತೆ!

ಹಾಳೆಯನ್ನು ಮಡಿಸಿಟ್ಟರೆ ಗೆಲುವು ತನ್ನದೇ. ಆದರೆ ಕುಂಚ ಹಿಡಿಯಲೂ ಬಾರದ ದಿನಗಳಲ್ಲಿ ತನ್ನ ಕೈಮೇಲೆ ಕೈಯಿಟ್ಟು ಪಡಿಯಚ್ಚು ತೆಗೆಯಲು ಕಲಿಸಿದವರು ಇದೇ ಭಾವ. ಮೈದುನ ಚಪ್ಪಲಿ ಮೆಟ್ಟುವುದನ್ನೂ ಮರೆತು ಬೀದಿಗಿಳಿದ. ಸೈಕಲ್ಲುಗಳ ನಡುವೆ ನುಸುಳಿ, ಬೈಗುಳ ತಿನ್ನುತ್ತ, ಶಾಯಿಯ ವಾಸನೆ ತುಂಬಿದ ಮುದ್ರಣಾಲಯಕ್ಕೆ ನುಗ್ಗಿದ.

“ನಿಲ್ಸಿ! ಯಂತ್ರ ನಿಲ್ಸಿ!”

ಮುಂದಿನ ಪುಟಗಳ ಕರಡು ತಿದ್ದುತ್ತಿದ್ದ ಭಾವ ಕನ್ನಡಕ ಮೇಲೆತ್ತಿದರು. “ಏನಯ್ಯಾ, ನಾಯಿ ಅಟ್ಟಿಸ್ಕೊಂಡು ಬಂತಾ?”

“ನಾಯಿ ಅಲ್ಲ ಭಾವ, ತೋಳ! ನೀವೇ ಗೆದ್ರಿ, ಓದಿ!”

ಓದುತ್ತ ಓದುತ್ತ ಭಾವನ ಕಣ್ಣು ಅರಳಿತು. “ಅಲ್ವೋ ಮಾರಾಯ, ಇದನ್ನ ಬಚ್ಚಿಟ್ಟಿದ್ರೆ ನಂಗೆ ಗೊತ್ತಾಗ್ತಿತ್ತಾ?”

“ಕಲಿಸ್ದೋರು ನೀವಲ್ವಾ? ಮುಯ್ಯಿ ಬೇಡ್ವಾ?”

ಭಾವ ಗಹಗಹಿಸಿ ನಕ್ಕು ಮುದ್ರಕನತ್ತ ತಿರುಗಿದರು. “ಸೇಡನ್ನ ಎರಡನೇ ಸಾಲಿಗೆ ತಳ್ಳಪ್ಪ. ಕಲ್ಲು ಕೂಡಿಸಿ ಓದ್ದೋನು ಅಂತ ಕೆಳಗೆ ಇವನ ಹೆಸರೇ ಹಾಕು.”

“ಭಾವ, ಇದೇನು, ಮುಗಿಯೋದೇ ಇಲ್ವಾ?”

“ಮುಗಿದ್ರೆ ಅದೆಂಥ ಮುಯ್ಯೋ!”

ಸಾಲು ತಿದ್ದಿದ ಮೇಲೆ ಯಂತ್ರ ಮತ್ತೆ ಗುಡುಗತೊಡಗಿತು.

ಈ ಕಥೆಗೆ ಕಿವಿಗೊಟ್ಟವರೆಲ್ಲರಿಗೂ ಕೊಡುವ ಕೈ, ಮರಳಿ ಸಲ್ಲಿಸುವ ಮನಸ್ಸು ಎರಡೂ ಕೂಡಿಬರಲಿ, ವಾಗ್ದೇವಿ ಹರಸಲಿ.