ಕೋಳಿಮರಿಗೆ ಕಾವು ಕೊಟ್ಟ ಯಂತ್ರ

ಬೆಳಗಿನ ಆರೂವರೆಗೆ ಯಂತ್ರ ಮೂರನೇ ಸಲ ನಿಂತಿತು. ಫ್ಯಾನಿನ ಸದ್ದು ಅಡಗಿದ್ದೇ ತಡ, ನಾನು ಒಲೆ ಬಿಟ್ಟು ಓಡಿದೆ.

ಸಂತಾನ ನನ್ನ ತಮ್ಮ, ಮುಂಡಗೋಡಿನಲ್ಲಿ ಮೊಬೈಲ್ ರಿಪೇರಿ ಮಾಡುವವನು. ಬಿಟ್‌ಕಾಯಿನ್ ಸಿಕ್ಕೀತೆಂದು ಹಗಲೂ ರಾತ್ರಿ ಲೆಕ್ಕ ಹಾಕುವ ಈ ಯಂತ್ರ ಅವನದೇ. ಅದು ಉಗುಳುವ ಬಿಸಿಗಾಳಿಯನ್ನು ಪೈಪಿನಲ್ಲಿ ನನ್ನ ಕೋಳಿಮರಿಗಳ ಪೆಟ್ಟಿಗೆಗೆ ಬಿಟ್ಟು, "ಒಂದ ಕರೆಂಟಿನ್ಯಾಗ ಎರಡ ಕೆಲಸ, ಜುಲಿಯಾನಕ್ಕಾ" ಎಂದು ಕಾವಿನ ಬಲ್ಬನ್ನು ಬಿಚ್ಚಿ ಯಾರಿಗೋ ಕೊಟ್ಟೂ ಬಿಟ್ಟಿದ್ದ. ನಾನೂ ಆಸೆಬುರುಕಿ, ಹೂಂ ಎಂದಿದ್ದೆ. ನಾಲ್ಕು ದಿನ ಚೆನ್ನಾಗಿತ್ತು. ದಾಂಡೇಲಿಯ ಗೆಳೆಯ ಜಾಹಿದನ ಯಂತ್ರ ಇದಕ್ಕಿಂತ ಜೋರು ಓಡುತ್ತದೆಂದು ಗೊತ್ತಾದದ್ದೇ ಇವನಿಗೆ ಹುಚ್ಚು ಹಿಡಿಯಿತು. ಇವತ್ತು ನಸುಕಿಗೇ ಎದ್ದು ಫೋನಿನಿಂದಲೇ ಅದರ ವೇಗ ಏರಿಸುತ್ತ ಕೂತಿದ್ದ. ಏರಿಸಿದಂತೆಲ್ಲ ಅದು ತಡೆಯಲಾರದೆ ನಿಲ್ಲುತ್ತಿತ್ತು. ಬೇರೆ ಬಲ್ಬು ತರೋಣವೆಂದರೆ ಮಳಗಿ ಊರಿನ ಅಂಗಡಿ ತೆರೆಯುವುದು ಒಂಬತ್ತಕ್ಕೆ.

ಪೆಟ್ಟಿಗೆಯಲ್ಲಿ ಅರವತ್ತು ಮರಿ, ಐದು ದಿನದವು. ಚಳಿಯಾದರೆ ಒಂದರ ಮೇಲೊಂದು ಏರುತ್ತವೆ. ಅಡಿಯಲ್ಲಿ ಸಿಕ್ಕಿಕೊಂಡವು ಉಸಿರುಗಟ್ಟಿ ಸಾಯುತ್ತವೆ. ಮೂಲೆಯಲ್ಲಿ ಆಗಲೇ ರಾಶಿ ಬಿದ್ದಿದ್ದವು. ಕೈ ಹಾಕಿ ಬಿಡಿಸಿದೆ. ಬಿಡಿಸಿದಷ್ಟೂ ಮತ್ತೆ ಏರಿದವು.

"ಒಂಚೂರು ಇಳಿಸೇನಿ, ಈಗ ನಿಲ್ಲೂದಿಲ್ಲ," ಎಂದ ಸಂತಾನ, ಫೋನಿನಿಂದ ತಲೆ ಎತ್ತದೆ.

ಎರಡು ನಿಮಿಷ ಓಡಿ ಮತ್ತೆ ನಿಂತಿತು.

"ಒಂಚೂರು ಯಾಕ? ಪೂರಾ ಇಳಿಸು!"

"ಅಷ್ಟ ಇಳಿಸಿದ್ರ ಜಾಹಿದನ ಮುಂದ ಮಾನ ಹೋಗತೈತಿ, ಅಕ್ಕಾ."

ನನಗೆ ಮೈಯೆಲ್ಲ ಉರಿದುಹೋಯಿತು. ರಾಶಿಯ ಅಡಿಯಿಂದ ಮೂರು ಮರಿ ತೆಗೆದು ಅವನ ಅಂಗೈಯಲ್ಲಿಟ್ಟೆ. ಉಸಿರಿಲ್ಲದೆ ಚಪ್ಪಟೆಯಾಗಿದ್ದವು, ಇನ್ನೂ ಬೆಚ್ಚಗಿದ್ದವು.

"ಇವನ್ನ ಕೇಳು, ಮಾನ ಎಲ್ಲಿ ಐತಂತ."

ಅವನು ಮರಿಗಳನ್ನು ಮೆಲ್ಲಗೆ ಕೆಳಗಿಟ್ಟು, ಯಂತ್ರ ಮನೆಗೆ ಬಂದಾಗ ಇದ್ದ ವೇಗಕ್ಕೇ ಇಳಿಸಿದ. ಫ್ಯಾನು ತಿರುಗಿತು. ಎರಡು ನಿಮಿಷ. ಐದು. ನಾನು ಮೇರಿಮಾತೆಯನ್ನು ನೆನೆಯುತ್ತ ಮರಿಗಳನ್ನು ಬಿಡಿಸುತ್ತಲೇ ಇದ್ದೆ. ಪೈಪಿನ ಬಾಯಿ ಬೆಚ್ಚಗಾಯಿತು. ಹತ್ತನೇ ನಿಮಿಷಕ್ಕೆ ಒಂದು ಮರಿ ರಾಶಿಯಿಂದ ಇಳಿದು ನುಚ್ಚು ಹೆಕ್ಕಿತು. ಅದರ ಹಿಂದೆ ಇನ್ನೆರಡು. ಕೊನೆಗೆ ಉಳಿದವೆಲ್ಲವೂ ಪೆಟ್ಟಿಗೆ ತುಂಬ ಹರಡಿಕೊಂಡವು. ಹೆದರಿಕೆ ಇಳಿದು ನನಗೆ ಅಳು ಬಂತು.

ಅಷ್ಟರಲ್ಲಿ ಸಂತಾನನ ಫೋನು ಹೊಡೆದುಕೊಂಡಿತು. ಜಾಹಿದ.

"ಎಲ್ಲೀತನಕಾ ಏರಿಸಿದ್ಯೋ?" ಎಂದು ಅವನು ನಗುವುದು ನನಗೂ ಕೇಳಿಸಿತು.

ಸಂತಾನ ಪೆಟ್ಟಿಗೆಯನ್ನೇ ನೋಡುತ್ತಿದ್ದ.

"ಇಳಿಸೇನಿ," ಎಂದ. "ಮನ್ಯಾಗ ಸಣ್ಣ ಮರಿ ಅದಾವ."