ಆರನೆಯ ಮೊಳೆ

ಟಕ್, ಟಕ್ — ಸುಣ್ಣದ ಚೂರು ಲೈಬ್ರರಿಯ ಪುಸ್ತಕಗಳ ಮೇಲೆಲ್ಲ ಉದುರುತ್ತಿದೆ, ಮೊಳೆ ಹೊಡೆಯುವ ಮೊದಲು ಒಂದು ಹಳೇ ಪೇಪರನ್ನಾದರೂ ಹೊದಿಸಬಾರದೇ ಈ ಗುದ್ಲೆಪ್ಪ ಕಾಕಾ, ಪಂಚಾಯ್ತಿ ಮೆಂಬರ್ ಆದರೆ ಸಾಕೇ, ಎದ್ದು ಒರೆಸಬೇಕು ಅಂದುಕೊಂಡಳು ಹೇಮಾ, ಏಳಲಿಲ್ಲ, ತೊಡೆಯ ಮೇಲಿನ ಚೀಲವನ್ನು ಎರಡೂ ಕೈಯಿಂದ ಒತ್ತಿಕೊಂಡು ಕುಳಿತಳು, ಚೀಲದೊಳಗೆ ಗಂಡ ಫಕ್ಕೀರೇಶನ ಫೋಟೋ, ಮನೆಯಲ್ಲಿಟ್ಟರೆ ಅತ್ತೆಯ ಕೈಗೆ ಸಿಕ್ಕೀತು ಎಂದು ಜೊತೆಗೇ ತಂದದ್ದು, ಮದುವೆಯಾದ ವರ್ಷ ಸವಣೂರಿನ ಸ್ಟುಡಿಯೋದಲ್ಲಿ ತೆಗೆಸಿದ್ದು, ನಗ್ರಿ ನಗ್ರಿ ಎಂದು ಫೋಟೋದವನು ಜೀವ ತಿಂದು ಕೊನೆಗೆ ಸಿಟ್ಟಿನ ಮುಖವೇ ಬಿದ್ದದ್ದು, ಇದನ್ನು ಕೊಡುವುದಿಲ್ಲ, ಸತ್ತರೂ ಕೊಡುವುದಿಲ್ಲ — ಥೂ, ಸತ್ತರೂ ಅಂತ ಯಾಕೆ ಬಂತು ಬಾಯಿಗೆ, ಬಿಡ್ತು ಅನ್ನು. ಗೋಡೆಯ ಮೇಲೆ ಐದು ಫೋಟೋ ಆಗಲೇ ಏರಿವೆ, ಗೋಣೆಪ್ಪನ ಹೆಂಡತಿ ಸರೋಜವ್ವ ತಲೆತುಂಬ ಸೆರಗು ಹೊದ್ದು ನಗುತ್ತಿದ್ದಾಳೆ, ಅವಳ ಪಕ್ಕದಲ್ಲಿ ಇದು ಆರನೆಯ ಮೊಳೆ, ಹೊಡಿಬ್ಯಾಡ್ರಿ ಕಾಕಾ ಅಂದಿದ್ದಳಲ್ಲ ತಾನು ಆಗಲೇ, ಇರ್ಲಿ ಬಿಡವ್ವಾ, ಮೊಳಿ ಏನ್ ಅನ್ನ ಕೇಳತೈತೇನು, ಹೋದವರು ಆರು ಮಂದಿ, ಮೊಳಿ ಆರು ಅಂದ. ಹೋದವರಂತೆ, ಇವನೇ ಹೋಗಿ ಕಳಿಸಿಬಂದವನ ಹಾಗೆ ಹೇಳುತ್ತಾನೆ.

ಹೋದ ವರ್ಷ ಇದೇ ದಿನ, ವರದಾ ಹೊಳೆ ಬಾಂದಾರದ ಒಡ್ಡಿನ ಮೇಲೆ ಹರಿಯುತ್ತಿತ್ತು, ಮೊಣಕಾಲ ಕೆಳಗೈತಿ, ದಾಟಿಬಿಡೂಣು ಅಂದನಂತೆ ಟ್ರ್ಯಾಕ್ಟರಿನವನು, ಆಚೆ ದಂಡೆಯ ಗೋವಿನಜೋಳದ ಕಳೆ ತೆಗೆಯಲು ಹೊರಟವರು, ಟ್ರ್ಯಾಕ್ಟರ್ ಸಮೇತ ಹೋದರು, ಐದು ಹೆಣ ಜಾಲಿಕಂಟಿಯಲ್ಲಿ ಸಿಕ್ಕವು, ಫಕ್ಕೀರೇಶ ಸಿಗಲಿಲ್ಲ, ಸಿಗಲಿಲ್ಲ ಅಂದರೆ ಸಿಗಲಿಲ್ಲ ಅಷ್ಟೇ, ಸತ್ತದ್ದನ್ನು ಯಾರು ಕಂಡರು, ಇರುವುದನ್ನು ಕಂಡವರಿದ್ದಾರೆ, ಹಿರೇಕೆರೂರು ಬಸ್‌ಸ್ಟ್ಯಾಂಡಿನ್ಯಾಗ ನೋಡಿದೆ ನಿನ್ನ ಗಂಡನ್ನ, ಆಣಿ ಮಾಡ್ತೇನಿ ಅಂದ ಒಬ್ಬ, ಉಟ್ಟ ಸೀರೆಯಲ್ಲೇ ಓಡಿದ್ದಳು, ಬೆನ್ನು ಅವನದೇ, ಕುತ್ತಿಗೆ ಅವನದೇ, ಹೆಗಲು ಮುಟ್ಟಿದಳು, ತಿರುಗಿದರೆ ಬೇರೆ ಮುಖ — ಯಾರ್ ಬೇಕಾಗಿತ್ರಿ ಅಕ್ಕಾರ? — ಆ ಬೇರೆ ಮುಖಕ್ಕೆ ಹೊಡೆಯಬೇಕು ಅನ್ನಿಸಿತ್ತು, ಏನು ತಪ್ಪಿತ್ತು ಪಾಪ ಅದರದು. ಸಂಜೀಕ ಬರ್ತೇನಿ ಅಂದಿದ್ದ ಫಕ್ಕೀರೇಶ ಅವತ್ತು, ನೀಲಿ ಗೆರೆಯ ಹೊಸ ಅಂಗಿಯನ್ನು ಬಿಚ್ಚಿ ಬಾಗಿಲ ಹಿಂದಿನ ಮೊಳೆಗೆ ಹಾಕಿ, ಕಳೆ ತೆಗ್ಯಾಕ ಛಲೋ ಅಂಗಿ ಯಾಕ, ಸಂಜೀಕ ಹಾಕ್ಕೊಂತೇನಿ, ಹಾನಗಲ್ಲಿಗೆ ಹೋಗಿ ಸಿನಿಮಾ ನೋಡೂಣು, ನೀನೂ ರೆಡಿಯಾಗಿರು. ಅಂಗಿ ಇನ್ನೂ ಅಲ್ಲೇ ಇದೆ, ಒಗೆದಿಲ್ಲ, ಒಗೆಯಲು ಬಿಟ್ಟಿಲ್ಲ, ರಾತ್ರಿ ಬಾಗಿಲು ಹಾಕಿದಾಗ ಕಾಣುತ್ತದೆ, ಕಾಲರಿಗೆ ಮುಖ ಇಟ್ಟರೆ ಇನ್ನೂ ಒಂದಿಷ್ಟು ಬೆವರಿನ ವಾಸನೆ, ಅಥವಾ ಬರೀ ಧೂಳಿನದೋ ಏನೋ. ಅದು ಅಲ್ಲಿರುವ ತನಕ ಅವನು ಹೊಲಕ್ಕೆ ಹೋಗಿದ್ದಾನೆ.

ಯಶೋಧರಕ್ಕ ಕಂಪ್ಯೂಟರಿನ ಮುಂದೆ ಕುಳಿತು ಮೈಕು ಸರಿಮಾಡುತ್ತಿದ್ದಾಳೆ, ಈ ಲೈಬ್ರರಿ ನೋಡಿಕೊಳ್ಳುವವಳು, ಹೊಳೆಯ ಅನಾಹುತ ಆದ ಮೇಲೆ ಯಾರಿಗೂ ಮನೆಯಲ್ಲಿ ಕೂರಲಾಗದಿದ್ದಾಗ ಬಾಗಿಲು ತೆಗೆದು, ಬರ್ರಿ, ಇಲ್ಲಿ ಕುಂದರ್ರಿ, ಓದಬೇಕಂತಿಲ್ಲ ಅಂದವಳು, ಹೆಂಗಸರು ಬಂದರು, ಪುಸ್ತಕದ ಕಪಾಟಿಗೆ ಬೆನ್ನು ಹಚ್ಚಿ ಕುಳಿತರು, ಒಂದು ದಿನ ಯಾರೋ ಹಾಡ್ಯಾಡಿ ಅಳತೊಡಗಿದರು, ಹೆಣದ ಮುಂದೆ ಅತ್ತ ಹಾಗೆ, ಸತ್ತವರು ಉಂಡದ್ದು ಉಟ್ಟದ್ದು ಬೈದದ್ದು ಎಲ್ಲ ಸೇರಿಸಿ, ಅತ್ತು ಹೇಳಿದ್ದು ಗಾಳಿಗೆ ಹೋಗಬಾರದ್ರಿ ಎಂದು ಯಶೋಧರಕ್ಕ ಕೇಳಿಕೊಂಡು ಅದನ್ನು ರೆಕಾರ್ಡ್ ಮಾಡಿ ಕಂಪ್ಯೂಟರಿನಲ್ಲಿ ತುಂಬಿಟ್ಟಳು, ಈಗ ಬಂಕಾಪುರದಿಂದಲೂ ಬಂದು ಕೇಳುತ್ತಾರೆ. ಗೋಣೆಪ್ಪ ವಾರವಾರ ಬಂದು ಕಿವಿಗೆ ಹೆಡ್‌ಫೋನು ಹಾಕಿಕೊಂಡು, ಹುಳಿಮಜ್ಜಿಗಿ ಕದ್ದು ಕುಡಿತಿದ್ದೆಲ್ಲೇ ಸರೋಜಾ ಎಂದು ನಾದಿನಿ ಅತ್ತದ್ದನ್ನು ಕೇಳಿ ನಗುತ್ತಾನೆ, ಮನೆಯಲ್ಲಿ ನಗದವನು ಇಲ್ಲಿ ನಗುತ್ತಾನೆ, ಅವನಿಗೆ ಸುಲಭ, ಅವನು ಮಣ್ಣು ಕೊಟ್ಟು ಬಂದವನು.

ಹೇಮಾಳ ಮನೆಗೆ ಯಾರೂ ಅಳಲು ಬರಲಿಲ್ಲ, ಹೊಸ್ತಿಲ ತನಕ ಬಂದರು, ಅಳಬೇಕೋ ಧೈರ್ಯ ಹೇಳಬೇಕೋ ತಿಳಿಯದೆ ಹೊರಳಿ ಹೋದರು. ಹೆಣ ಇಲ್ಲದ ಮನ್ಯಾಗ ಅಳಾಕ ಬರೂದಿಲ್ಲ ತಂಗಿ, ಫೋಟೋ ಕೊಡು, ಒಂದ ಸಲ ಅಳತೇನಿ — ಅತ್ತೆ ಯಂಕವ್ವ ವರ್ಷವಿಡೀ ಇದೊಂದೇ. ನೀವು ಅತ್ತರ ನಾ ಬಳಿ ಒಡಿಬೇಕಾಕ್ಕೈತ್ರಿ ಅತ್ತಿ, ಅಂದುಬಿಟ್ಟಿದ್ದಳು ಹೇಮಾ ಒಂದು ದಿನ. ಯಶೋಧರಕ್ಕನೇ ವಾಸಿ, ನೀ ಹೂಂ ಅನ್ನೂತನಕ ಆ ಜಾಗಾ ಖಾಲಿನೇ ಇರತೈತಿ, ಇದು ಲೈಬ್ರರಿ, ಸುಡುಗಾಡಲ್ಲ ಅಂದಿದ್ದಳು, ಹಾಗೆ ಅಂದವಳ ಕಣ್ಣೆದುರೇ ಈ ಮೊಳೆ.

ಹೂವು ಬಂತು. ಗುದ್ಲೆಪ್ಪ ಚೀಲದಿಂದ ಒಂದೊಂದೇ ಹಾರ ತೆಗೆದು ಹಾಕುತ್ತಿದ್ದಾನೆ, ಸರೋಜವ್ವನಿಗೂ ಆಯಿತು, ಇನ್ನೂ ಒಂದು ಹಾರ ಉಳಿಯಿತು, ಆರು ಕಟ್ಟಿಸಿ ತಂದಿದ್ದಾನೆ ಪುಣ್ಯಾತ್ಮ, ಕೈಯಲ್ಲಿ ಹಿಡಿದು ಆಚೆ ಈಚೆ ನೋಡಿ, ನೆಲದ ಮೇಲೆ ಇಡಬಾರದು ಅಂತಲೋ ಏನೋ, ಬರಿ ಮೊಳೆಗೆ ತೂಗುಹಾಕಿದ. ಫೋಟೋ ಇಲ್ಲ, ಹಾರ ಇದೆ. ಇಡೀ ಕೋಣೆ ಅವಳನ್ನೇ ನೋಡಿತು, ಅವನ ಕೈ ಸೇದಿಹೋಗಲಿ, ಪಕ್ಕದಲ್ಲಿ ಕುಳಿತಿದ್ದ ಅತ್ತೆಯ ಕಡೆ ತಿರುಗಿದಳು, ನೋಡಿದ್ರೇನ್ರಿ ಎನ್ನಲು — ಅತ್ತೆಯ ಸೆರಗಿನ ಕೆಳಗೆ ನೀಲಿ ಗೆರೆ. ತೋಳು. ಅಂಗಿಯ ತೋಳು. ಬೆಳಿಗ್ಗೆ ಹೊರಡುವಾಗ ಬಾಗಿಲು ಪೂರ್ತಿ ತೆರೆದಿತ್ತು, ಅದರ ಹಿಂದೆ ನೋಡಲಿಲ್ಲ, ತಾನು ಚೀಲ ಕಾಯುತ್ತ ಕುಳಿತಿದ್ದಾಗ ಈ ಮುದುಕಿ ಅಂಗಿಯನ್ನೇ ಕದ್ದು ತಂದಿದ್ದಾಳೆ, ಅಂದರೆ ಈಗ ಅಲ್ಲಿ, ಮನೆಯಲ್ಲಿ, ಬಾಗಿಲ ಹಿಂದೆ, ಬರೀ — ಈಗ ಬಂದರೆ ಏನು ಹಾಕಿಕೊಳ್ಳುತ್ತಾನೆ ಅವನು, ನನ್ನ ಅಂಗಿ ಎಲ್ಲಿ ಎಂದರೆ ಏನು ಹೇಳಲಿ.

ಯಂಕವ್ವ ಎದ್ದಳು. ಅಂಗಿಯನ್ನು ಎದೆಗೆ ಅವುಚಿಕೊಂಡು ಹಾರದ ಮುಂದೆ ಹೋಗಿ ನಿಂತಳು, ಬಾಯಿ ತೆರೆದಳು, ನನ್ನಪ್ಪಾ ಅಂದಳು, ಅಷ್ಟೇ, ಮುಂದಿನ ದನಿ ಬರಲಿಲ್ಲ, ಬಾಯಿ ತೆರೆದೇ ಇದೆ, ಕುತ್ತಿಗೆಯ ನರ ಉಬ್ಬಿದೆ, ಬರೀ ಉಸಿರು, ಊರಿನ ಎಲ್ಲ ಸಾವಿಗೂ ಮೊದಲ ದನಿ ತೆಗೆಯುತ್ತಿದ್ದವಳು ಇವಳು, ತನ್ನ ಮಗನಿಗೆ ದನಿಯಿಲ್ಲ, ಬರೀ ಮುದುಕಿ ಅಲ್ಲ, ಹೆತ್ತವಳು, ತನಗಿಂತ ಮೊದಲು ಆ ಮೈಯನ್ನು ತೊಳೆದವಳು. ಹೇಮಾ ಯಾವಾಗ ಎದ್ದಳೋ, ಹಾರ ತೆಗೆದು ಗುದ್ಲೆಪ್ಪನ ಕೈಗಿಟ್ಟಳು, ಒಯ್ರಿ ಇದನ್ನ, ಆಮೇಲೆ ಅತ್ತೆಯ ಮುಂದೆ ಕೈ ಚಾಚಿದಳು. ಕೊಡ್ರಿ ಅತ್ತಿ. ಮುದುಕಿ ಇನ್ನಷ್ಟು ಬಿಗಿಯಾಗಿ ಹಿಡಿದಳು. ಮನಿಗೆ ಒಯ್ಯೂದಿಲ್ಲ, ಕೊಡ್ರಿ, ನಾನ ಹಾಕತೇನಿ. ಅಂಗಿಗೆ ಹಾರ ಹಾಕುವುದಿಲ್ಲ ಯಾರೂ, ಅಂಗಿಗೆ ಕುಂಕುಮ ಹಚ್ಚುವುದಿಲ್ಲ, ಇದ್ದವನೂ ಅಂಗಿ ತೂಗುಹಾಕುತ್ತಾನೆ, ಕೈ ಎತ್ತಿದಾಗ ಬಳೆಗಳು ಮೊಣಕೈಗೆ ಜಾರಿ ಸದ್ದು ಮಾಡಿದವು, ಕಾಲರನ್ನು ಮೊಳೆಗೆ ಸಿಕ್ಕಿಸಿದಳು, ಅವನು ಸಿಕ್ಕಿಸುತ್ತಿದ್ದ ಹಾಗೇ, ಒಂದು ತೋಳು ಮಡಿಚಿತ್ತು, ಬಿಡಿಸಿದಳು. ಅಳ್ರಿ, ಅಂದಳು. ಸಂಜೀಕ ಬರ್ತೇನಂದು ಹೋದ್ಯಲ್ಲೋ ನನ್ನಪ್ಪಾ, ಹೊಸ ಅಂಗಿ ಹಳೇದಾತಲ್ಲೋ ನನ್ನ ಮಗನಾ — ಬಂತು, ದನಿ ಬಂತು, ಹೆಂಗಸರೆಲ್ಲ ಎದ್ದು ಅತ್ತೆಯ ಸುತ್ತ ನೆರೆದರು, ಯಶೋಧರಕ್ಕ ಹೇಮಾಳ ಮುಖ ನೋಡಿದಳು, ತುಂಬ್ಲೇನವ್ವಾ ಎಂಬಂತೆ, ಹೇಮಾ ಹೂಂ ಎಂದು ಗೋಣು ಹಾಕಿದಳು. ಅವಳಿಗೆ ಮಾತ್ರ ಅಳು ಬರುತ್ತಿಲ್ಲ, ಅಳು ಬಂದಾಗ ಇಲ್ಲಿಗೆ ಬಂದು ಕೇಳಿದರಾಯಿತು, ಇಲ್ಲೇ ಇರುತ್ತದಲ್ಲ, ಈಗ ಮನೆಗೆ ಹೋಗಬೇಕು, ಅತ್ತೆಗೆ ಬಿಸಿನೀರು ಕಾಯಿಸಬೇಕು, ಒಲೆ ಹಚ್ಚಬೇಕು, ಕತ್ತಲಾದ ಮೇಲೆ ಬಾಗಿಲು ಹಾಕಬೇಕು, ಬಾಗಿಲು ಹಾಕಿದರೆ ಅದರ ಹಿಂದೆ — ಬಾಗಿಲು ಹಾಕದೇ ಇದ್ದರೆ, ತೆರೆದೇ ಇಟ್ಟರೆ — ಎಷ್ಟು ದಿನ ತೆರೆದಿಡಲಾದೀತು, ಹಾಕಲೇಬೇಕು, ಹಾಕಿದರೆ ಅದರ ಹಿಂದೆ ಮೊಳೆ, ಬರೀ ಮೊಳೆ.